ಹಳೆ ಕಾರಿಗೆ ಸಾಲಿಡ್ ಮೌಂಟ್ ಹಾಕಿಸಬೇಕೆ? ಮೊದಲು ಕಾರಿನ ವರ್ಷ ನೋಡಿ

ಗುಜರಾತ್‌ನಲ್ಲಿ ಹಳೆ ಕಾರುಗಳ ಮೋಹ ಹೊಸತಲ್ಲ. ಅಹಮದಾಬಾದ್ ಹೊರವಲಯದ ಕಠವಾಡಾದಲ್ಲಿ ಪ್ರಾಣ್‌ಲಾಲ್ ಭೋಗಿಲಾಲ್ ಸಂಗ್ರಹದ ಆಟೋ ವರ್ಲ್ಡ್ ಮ್ಯೂಸಿಯಂ ಇದೆ. 2023ರ ಜನವರಿಯಲ್ಲಿ ವಡೋದರದ ಲಕ್ಷ್ಮೀ ವಿಲಾಸ ಅರಮನೆಯಲ್ಲಿ '21 ಗನ್ ಸಲ್ಯೂಟ್' ಕಾರು ಪ್ರದರ್ಶನ ನಡೆದಿತ್ತು. ಇಂಥ ಕಡೆ ನಿಲ್ಲುವ ಕಾರಿಗೆ ಮೂಲ ರೂಪವೇ ಬೆಲೆ. ಆದರೆ ರ‍್ಯಾಲಿಗೆಂದು ಅದೇ ಕಾರು ಅಹಮದಾಬಾದ್‌ನಿಂದ ಸೂರತ್‌ವರೆಗೆ ಹೆದ್ದಾರಿಯಲ್ಲಿ ಓಡಬೇಕಾದರೆ? ಸ್ಟೀರಿಂಗ್ ಬಿಗಿಯಾಗಿರಲಿ ಎಂದು ಕೆಲವರು ಮುಂಭಾಗಕ್ಕೆ 'ಸಾಲಿಡ್ ಸಬ್‌ಫ್ರೇಮ್ ಮೌಂಟ್' ಹಾಕಿಸಲು ಮುಂದಾಗುತ್ತಾರೆ. ಅದಕ್ಕೂ ಮುನ್ನ ತಿಳಿಯಬೇಕಾದ ವಿಷಯಗಳು ಇಲ್ಲಿವೆ.

ಏನಿದು ಸಬ್‌ಫ್ರೇಮ್ ಮೌಂಟ್?

ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಹೊತ್ತಿರುವ ಉಕ್ಕಿನ ಚೌಕಟ್ಟೇ ಸಬ್‌ಫ್ರೇಮ್. ಅದನ್ನು ಬಾಡಿಗೆ ಜೋಡಿಸುವ ಭಾಗ ಮೌಂಟ್. ರಬ್ಬರ್ ಮೌಂಟ್ ಸದ್ದು, ನಡುಕವನ್ನು ತಡೆಯುತ್ತದೆ. ಅದರ ಬದಲು ಅಲ್ಯೂಮಿನಿಯಂನಂಥ ಗಟ್ಟಿ ಲೋಹ ಕೂರಿಸಿದರೆ ಅದು ಸಾಲಿಡ್ ಮೌಂಟ್.

ಬದಲಿಸುವುದೇಕೆ?

ಬ್ರಿಟನ್ನಿನ 'ಮಿನಿ' ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸ್ಟೀರಿಂಗ್ ರ‍್ಯಾಕ್ ಇರುವುದು ಬಾಡಿಯ ಮೇಲೆ, ಚಕ್ರ ಹಿಡಿಯುವ ತೋಳುಗಳು ಇರುವುದು ಸಬ್‌ಫ್ರೇಮ್ ಮೇಲೆ. ರಬ್ಬರ್ ಸವೆದರೆ ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಸಬ್‌ಫ್ರೇಮ್ ತುಸು ಜರುಗುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸದಿದ್ದರೂ ಚಕ್ರದ ಕೋನ ಬದಲಾಗುತ್ತದೆ. ಸಾಲಿಡ್ ಮೌಂಟ್ ಈ ಅಲುಗಾಟವನ್ನು ನಿಲ್ಲಿಸುತ್ತದೆ.

ಆದರೆ ಗುಂಡಿಯ ಹೊಡೆತ, ಎಂಜಿನ್ ನಡುಕ ನೇರ ಬಾಡಿಗೆ ತಾಗುತ್ತವೆ. ಕಡಲಿಗೆ ಹತ್ತಿರದ ಸೂರತ್‌ನಂಥ ಊರಿನ ತೇವದ ಗಾಳಿಯಲ್ಲಿ ತುಕ್ಕು ಹಿಡಿದ ತಗಡು ಮೌಂಟ್ ಕೂರುವ ಜಾಗದಲ್ಲೇ ಬಿರುಕು ಬಿಡಬಹುದು. ಹೀಗಾಗಿ ಮೊದಲು ತುಕ್ಕಿನ ತಪಾಸಣೆ, ಆಮೇಲೆ ಮೌಂಟ್.

ಯಾವುದು ಮೂಲ, ಯಾವುದು ಮಾರ್ಪಾಡು?

ಇಲ್ಲೇ ಅನೇಕರು ಎಡವುವುದು. 1959ರಲ್ಲಿ ಬಂದ ಮಿನಿಯಲ್ಲಿ ಮುಂದಿನ ಸಬ್‌ಫ್ರೇಮ್ ಬಾಡಿಗೆ ನೇರವಾಗಿಯೇ ಬಿಗಿಯಲ್ಪಟ್ಟಿತ್ತು. ರಬ್ಬರ್ ಮೌಂಟ್ ಬಂದದ್ದು 1976ರಲ್ಲಿ. ಅಂದರೆ 1965ರ ಕಾರಿಗೆ ಬಿಗಿ ಜೋಡಣೆಯೇ ಮೂಲ ಸ್ಥಿತಿ, 1978ರ ಕಾರಿಗೆ ಅದು ಮಾರ್ಪಾಡು.

ಕಾನೂನು ಏನು ಹೇಳುತ್ತದೆ?

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ ಶೆಲ್ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ. ರ‍್ಯಾಲಿ, ಪ್ರದರ್ಶನ, ಇಂಧನ, ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

1976ರಲ್ಲಿ ನೋಂದಣಿಯಾದ ಕಾರುಗಳಿಗೆ 50 ತುಂಬುವುದು 2026ರಲ್ಲಿ. ರಬ್ಬರ್ ಮೌಂಟ್‌ನ ಮೊದಲ ಮಿನಿಗಳು ವಿಂಟೇಜ್ ಸಾಲಿಗೆ ಸೇರುವ ಹೊತ್ತಿದು.

ಮಾಲೀಕರು ಏನು ಮಾಡಬೇಕು?

* ಕಾರಿನ ತಯಾರಿಕಾ ವರ್ಷ, ಮೂಲ ಮೌಂಟ್ ಯಾವುದೆಂದು ಖಚಿತಪಡಿಸಿಕೊಳ್ಳಿ.
* ಸ್ಟೀರಿಂಗ್ ಸಡಿಲವಾಗಿದ್ದರೆ ಮೊದಲು ಹೊಸ ರಬ್ಬರ್ ಹಾಕಿಸಿ ನೋಡಿ. ಅನೇಕ ಬಾರಿ ಅಷ್ಟೇ ಸಾಕು.
* ಸಾಲಿಡ್ ಮೌಂಟ್ ಬೇಕೇ ಬೇಕೆಂದರೆ ಬೋಲ್ಟ್‌ನಲ್ಲಿ ಕೂರುವಂಥದ್ದನ್ನೇ ಆರಿಸಿ. ಬಾಡಿ ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಡಿ.
* ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ.
* ತೆಗೆದ ಹಳೆ ಭಾಗಗಳನ್ನು ಗುಜರಿಗೆ ಹಾಕಬೇಡಿ. ನಾಳೆ ಕಾರನ್ನು ಮೂಲ ರೂಪಕ್ಕೆ ತರಲು ಅವೇ ಬೇಕು.