ನೆಲದಡಿಯ ದಾರಿ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಿಂದ ನೋಡಿದ ತೈಲ ಮತ್ತು ಅನಿಲ ಕೊಳವೆಮಾರ್ಗಗಳು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ದೇಶದ ಇಂಧನ ಪೂರೈಕೆಯಲ್ಲಿ ಕೊಳವೆಮಾರ್ಗಗಳ ಪಾತ್ರ ಏನು ಅನ್ನೋದು ಇವತ್ತಿನ ವಿಷಯ. ಇದನ್ನ ಸಾಮಾನ್ಯವಾಗಿ ದೆಹಲಿಯ ನಕ್ಷೆಯಿಂದ ನೋಡ್ತೀವಿ. ನಾನು ಗಡಿಸೀಮೆಯ ಹೊಲದಿಂದ ನೋಡೋ ಪ್ರಯತ್ನ ಮಾಡ್ತೀನಿ.

1. ಈ ಸೀಮೆ ಯಾಕೆ?

ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕುಗಳು ಹಳೆಯ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಹೋದವು. ಈಗ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆ ತೆಲುಗು, ಕಚೇರಿಯ ಶಬ್ದಗಳು ಅರ್ಧ ಉರ್ದು. ಈ ಭಾಷೆಯ ಸಂಗತಿಯನ್ನ ನೆನಪಿಟ್ಟುಕೊಳ್ಳಿ, ಕಾನೂನಿನ ಮಾತು ಬಂದಾಗ ಬೇಕಾಗುತ್ತೆ.

ಈ ಸೀಮೆಯಲ್ಲಿ ತೈಲಬಾವಿ ಇಲ್ಲ. ಇಡೀ ತೆಲಂಗಾಣದಲ್ಲಿ ಒಂದು ತೈಲ ಸಂಸ್ಕರಣಾಗಾರವೂ ಇಲ್ಲ. ಆದರೂ ಇಂಧನದ ಹಸಿವು ದೊಡ್ಡದು. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಇದೆ, ಸುತ್ತ ಕಬ್ಬು ಇದೆ, ಪುಣೆ–ಹೈದರಾಬಾದ್ ಹೆದ್ದಾರಿ ಊರನ್ನು ಮುಟ್ಟಿಕೊಂಡೇ ಹೋಗುತ್ತೆ. ತಾಂಡೂರಲ್ಲಿ ಹಾಸುಗಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ಹೆಸರಾದ ತೊಗರಿ. ಇದಕ್ಕೆಲ್ಲ ಬೇಕಾದ ಡೀಸೆಲ್, ಅಡುಗೆ ಅನಿಲ ದೂರದ ಸಮುದ್ರತೀರದಿಂದ ಬರಬೇಕು. ಹೇಗೆ ಬರುತ್ತೆ ಅನ್ನೋದೇ ನಮ್ಮ ಪ್ರಶ್ನೆ.

2. ಕೊಳವೆ ಮಾಡೋ ಕೆಲಸ

ಭಾರತ ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಆಮದು. ನೈಸರ್ಗಿಕ ಅನಿಲದಲ್ಲಿ ಹತ್ತಿರಹತ್ತಿರ ಅರ್ಧ. ಅಂದರೆ ಇಂಧನ ಮೊದಲು ಬಂದರಿನಲ್ಲಿ ಇಳಿಯುತ್ತೆ, ಬಳಸುವ ಜನ ಒಳನಾಡಿನಲ್ಲಿ ಇರ್ತಾರೆ. ನಡುವಿನ ದೂರವನ್ನ ರೈಲು, ಟ್ಯಾಂಕರ್ ಲಾರಿ ಅಥವಾ ಕೊಳವೆ ತುಂಬಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ವರ್ಷಕ್ಕೆ 10 ಲಕ್ಷ ಟನ್ ಡೀಸೆಲ್ ಸಾಗಿಸಬೇಕು ಅಂತಿಟ್ಟುಕೊಳ್ಳಿ. ಅದು ಸುಮಾರು 120 ಕೋಟಿ ಲೀಟರ್. ಒಂದು ಟ್ಯಾಂಕರಿಗೆ 20,000 ಲೀಟರ್ ಹಿಡಿದರೆ 60,000 ಟ್ಯಾಂಕರ್‌ಗಳು ಬೇಕು. ದಿನಕ್ಕೆ ಸುಮಾರು 165. ಅಷ್ಟೇ ಖಾಲಿ ಟ್ಯಾಂಕರ್‌ಗಳು ವಾಪಸ್ಸು ಹೋಗಬೇಕು, ಅದಕ್ಕೂ ಡೀಸೆಲ್ ಸುಡಬೇಕು. ಕೊಳವೆಗೆ ವಾಪಸ್ಸು ಪ್ರಯಾಣ ಇಲ್ಲ. ಒಮ್ಮೆ ಹೂಳಿದರೆ ಪಂಪಿನ ಖರ್ಚು, ಕಾವಲಿನ ಖರ್ಚು ಅಷ್ಟೇ.

ಸುರಕ್ಷತೆಯ ಲೆಕ್ಕವೂ ಇದೆ. 2013ರಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಹಲವರು ಸತ್ತದ್ದು ನಿಮಗೆ ನೆನಪಿರಬಹುದು. ಮಂಗಳೂರಿನಿಂದ ಘಟ್ಟ ಹತ್ತುವ ರಸ್ತೆಯಲ್ಲಿ ಅನಿಲದ ಟ್ಯಾಂಕರ್ ಅಂದ್ರೆ ಜನ ಹೆದರೋ ಕಾಲ ಅದು. ಮಂಗಳೂರು–ಹಾಸನ–ಬೆಂಗಳೂರು ನಡುವೆ ಪೆಟ್ರೋಲ್, ಡೀಸೆಲ್ ಕೊಳವೆ 2003ರಲ್ಲೇ ಶುರುವಾಗಿತ್ತು. ಅಡುಗೆ ಅನಿಲದ ಕೊಳವೆ 2016ರಲ್ಲಿ ಬಂತು. ಆ ಅನಿಲದ ದೊಡ್ಡ ಪಾಲು ರಸ್ತೆ ಬಿಟ್ಟು ನೆಲದಡಿಗೆ ಹೋಯ್ತು.

ಹೈದರಾಬಾದ್ ಕಡೆಗೂ ಇದೇ ವ್ಯವಸ್ಥೆ. ವಿಶಾಖಪಟ್ಟಣದಿಂದ ವಿಜಯವಾಡ ಮಾರ್ಗವಾಗಿ ಸಿಕಂದರಾಬಾದಿಗೆ ಎಚ್‌ಪಿಸಿಎಲ್‌ನ 572 ಕಿ.ಮೀ. ಕೊಳವೆ ಬರುತ್ತೆ. ವಿಶಾಖದಿಂದಲೇ ಗೇಲ್ ಸಂಸ್ಥೆಯ ಅಡುಗೆ ಅನಿಲದ ಕೊಳವೆಯೂ ಇದೆ. ಒಡಿಶಾದ ಪಾರಾದೀಪಿನಿಂದ ಹೈದರಾಬಾದಿಗೆ ಇಂಡಿಯನ್ ಆಯಿಲ್ ಸಂಸ್ಥೆ ಸುಮಾರು 1,200 ಕಿ.ಮೀ. ಮಾರ್ಗ ಕೈಗೊಂಡಿದೆ. ಕೊಳವೆ ಮುಗಿಯೋ ಡಿಪೋದಿಂದ ಮುಂದಕ್ಕೆ ಮತ್ತೆ ಲಾರಿಯೇ. ನಾರಾಯಣಖೇಡದ ಬಂಕಿಗೆ ಡೀಸೆಲ್ ತರೋದು ಇವತ್ತಿಗೂ ಟ್ಯಾಂಕರೇ.

ಒಂದೇ ಕೊಳವೆಯಲ್ಲಿ ಪೆಟ್ರೋಲೂ ಡೀಸೆಲೂ ಹೇಗೆ ಹೋಗುತ್ತವೆ ಅಂತ ವಿದ್ಯಾರ್ಥಿಗಳು ಕೇಳ್ತಾರೆ. ಒಂದರ ಹಿಂದೆ ಒಂದು, ರೈಲಿನ ಡಬ್ಬಿಗಳ ಹಾಗೆ ಕಂತುಕಂತಾಗಿ ಕಳಿಸ್ತಾರೆ. ಎರಡು ಕಂತು ಸೇರುವ ಕಡೆ ಸ್ವಲ್ಪ ಬೆರಕೆ ಆಗುತ್ತೆ. ಸಾಂದ್ರತೆ ಅಳೆದು ಆ ಬೆರಕೆ ಭಾಗವನ್ನ ಬೇರೆ ತೊಟ್ಟಿಗೆ ತಿರುಗಿಸ್ತಾರೆ. ನೈಸರ್ಗಿಕ ಅನಿಲಕ್ಕೆ ಪಂಪಿನ ಬದಲು ಕಂಪ್ರೆಸರ್. ಹರಿಯುತ್ತಾ ಒತ್ತಡ ಇಳಿಯುತ್ತೆ, ಹಾಗಾಗಿ ನೂರಾರು ಕಿ.ಮೀ.ಗೊಂದು ಕಡೆ ಮತ್ತೆ ಒತ್ತಬೇಕು.

3. ಪೂರ್ವದಿಂದ ಪಶ್ಚಿಮಕ್ಕೆ: ಹೆಚ್ಚು ಹತ್ತಿರದ ಉದಾಹರಣೆ

ನಮ್ಮ ಗಡಿಗೆ ನೇರ ಸಂಬಂಧಪಟ್ಟದ್ದು ಪೂರ್ವ–ಪಶ್ಚಿಮ ಅನಿಲ ಕೊಳವೆಮಾರ್ಗ. ಕಾಕಿನಾಡದ ತೀರದಿಂದ ಗುಜರಾತಿನ ಭರೂಚ್‌ವರೆಗೆ ಸುಮಾರು 1,400 ಕಿ.ಮೀ., ವ್ಯಾಸ 48 ಇಂಚು. ಒಬ್ಬ ಹುಡುಗ ಒಳಗೆ ನಿಲ್ಲಬಹುದಾದಷ್ಟು ಅಗಲ. ಕೃಷ್ಣಾ–ಗೋದಾವರಿ ಕಡಲಪ್ರದೇಶದ ಕೆಜಿ–ಡಿ6 ಅನಿಲ ಸಾಗಿಸಲು ರಿಲಯನ್ಸ್ ಬಳಗದ ಕಂಪನಿ ಇದನ್ನ ಹಾಕಿತು, 2009ರಲ್ಲಿ ಅನಿಲ ಹರಿಯಿತು. ಆಂಧ್ರ ದಾಟಿ, ತೆಲಂಗಾಣದ ಪಶ್ಚಿಮ ಅಂಚು ದಾಟಿ, ಬೀದರ್ ಜಿಲ್ಲೆ ಹೊಕ್ಕು ಮಹಾರಾಷ್ಟ್ರಕ್ಕೆ ಹೋಗುತ್ತೆ.

ಈ ಕೊಳವೆಯ ಕಥೆಯಲ್ಲಿ ಒಂದು ಪಾಠ ಇದೆ. 2010ರ ಹೊತ್ತಿಗೆ ಕೆಜಿ–ಡಿ6 ಉತ್ಪಾದನೆ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ಮುಟ್ಟಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಕುಸಿದುಹೋಯ್ತು. ಕೊಳವೆ ಬಹುಪಾಲು ಖಾಲಿ ಉಳಿಯಿತು. 2019ರಲ್ಲಿ ಕೆನಡಾದ ಬ್ರೂಕ್‌ಫೀಲ್ಡ್ ಬೆಂಬಲದ ಟ್ರಸ್ಟಿಗೆ ಸುಮಾರು 13,000 ಕೋಟಿ ರೂಪಾಯಿಗೆ ಇದು ಮಾರಾಟವಾಯ್ತು. 2020ರ ಕೊನೆಯಿಂದ ಅದೇ ಕಡಲಲ್ಲಿ ಹೊಸ ಬಾವಿಗಳು ಶುರುವಾಗಿ ಮತ್ತೆ ಅನಿಲ ಹೆಚ್ಚಿತು. ಮಾಲೀಕರು ಬದಲಾದರು, ಅನಿಲ ಇಳಿಯಿತು, ಏರಿತು. ಮೇಲಿನ ಹೊಲದ ನಿರ್ಬಂಧ ಮಾತ್ರ ಒಂದು ದಿನವೂ ಸಡಿಲ ಆಗಲಿಲ್ಲ.

4. “ಗ್ಯಾಸ್ ನಮ್ಮ ಮನಿಗ್ಯಾಕ ಬರಂಗಿಲ್ಲ?”

ಗಡಿಯ ಊರುಗಳಲ್ಲಿ ಕೊಳವೆಯ ಮಾತೆತ್ತಿದರೆ ನನಗೆ ಮೊದಲು ಎದುರಾಗೋ ಪ್ರಶ್ನೆ ಇದು: “ಪೈಪು ಹೊಲದಾಗ ಹೋಗ್ಯಾದ್ರಿ, ಗ್ಯಾಸ್ ನಮ್ಮ ಮನಿಗ್ಯಾಕ ಬರಂಗಿಲ್ಲ?” ಪ್ರಶ್ನೆ ನ್ಯಾಯವಾದದ್ದು. ಉತ್ತರ ತಾಂತ್ರಿಕವೂ ಹೌದು, ಆರ್ಥಿಕವೂ ಹೌದು.

ತಾಂಡೂರು ಸ್ಟೇಷನ್ನಿನಲ್ಲಿ ನಿಲ್ಲದೆ ಹಾದುಹೋಗೋ ರೈಲನ್ನ ನೆನಪಿಸಿಕೊಳ್ಳಿ. ವಾಡಿ–ಸಿಕಂದರಾಬಾದ್ ಹಳಿ 1874ರಲ್ಲೇ ಬಂತು, ಆದರೆ ಹಳಿ ಇದ್ದ ಮಾತ್ರಕ್ಕೆ ಎಲ್ಲ ರೈಲೂ ನಿಲ್ಲೋದಿಲ್ಲ. ದೊಡ್ಡ ಕೊಳವೆಯೂ ಹಾಗೇ. ಅದರೊಳಗಿನ ಒತ್ತಡ ಅಗಾಧ, ಮನೆಯ ಒಲೆಗೆ ಬೇಕಾದದ್ದು ಕೇವಲ 21 ಮಿಲಿಬಾರ್. ನಡುವೆ ಟ್ಯಾಪ್ ತೆಗೆಯೋ ನಿಲ್ದಾಣ ಬೇಕು, ಹಂತಹಂತವಾಗಿ ಒತ್ತಡ ಇಳಿಸಬೇಕು, ಊರಿಗೆ ಉಕ್ಕಿನ ಕೊಳವೆ, ಓಣಿಗೆ ಪ್ಲಾಸ್ಟಿಕ್ ಕೊಳವೆ ಹಾಕಬೇಕು. ಇದಕ್ಕೆ ಬೇರೆ ಪರವಾನಗಿ ಇದೆ. 2006ರ ಕಾಯ್ದೆಯ ಅಡಿ ಬಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಜಿಲ್ಲೆಗಳನ್ನ ಗುಂಪು ಮಾಡಿ ಹರಾಜಿನಲ್ಲಿ ಕೊಡುತ್ತೆ. ಕಂಪನಿಗಳು ಮೊದಲು ಹೋಗೋದು ಕಾರ್ಖಾನೆ, ಸಿಎನ್‌ಜಿ ಬಂಕು, ದಟ್ಟ ಬಡಾವಣೆ ಇರೋ ಕಡೆಗೆ. ಮನೆಗಳು ಚದುರಿರೋ ಹಳ್ಳಿಗೆ ಸರದಿ ಕೊನೆಯಲ್ಲಿ ಬರುತ್ತೆ. ಹಾದುಹೋಗೋದು ಬೇರೆ, ಇಳಿಯೋದು ಬೇರೆ.

5. ಕಾನೂನು: ಮಾರಾಟವಲ್ಲ, ಬಳಕೆಯ ಹಕ್ಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗ್ತೀನಿ, ಯಾಕಂದ್ರೆ ರೈತನ ಪಾಲಿಗೆ ಮುಖ್ಯವಾದದ್ದು ಇದೇ. ಕೊಳವೆಗೆ ಭೂಮಿ ಪಡೆಯೋದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯ್ದೆಯಲ್ಲಿ. ಇದು ಭೂಸ್ವಾಧೀನ ಅಲ್ಲ. ಪಟ್ಟಾ ರೈತನ ಹೆಸರಲ್ಲೇ ಇರುತ್ತೆ. ನೆಲದಡಿ ಕೊಳವೆ ಹಾಕುವ ‘ಬಳಕೆಯ ಹಕ್ಕು’ ಮಾತ್ರ ಹೋಗುತ್ತೆ.

ಕ್ರಮ ಹೀಗಿದೆ. 3ನೇ ಕಲಮಿನ ಅಡಿ ಗೆಜೆಟ್ ಪ್ರಕಟಣೆ ಬರುತ್ತೆ, ಅದರ ಸಾರಾಂಶ ಸ್ಥಳೀಯವಾಗಿ ಪ್ರಕಟವಾಗಬೇಕು. 5ನೇ ಕಲಮಿನ ಪ್ರಕಾರ ಆಕ್ಷೇಪಣೆಗೆ 21 ದಿನ. ಆಮೇಲೆ 6ನೇ ಕಲಮಿನ ಘೋಷಣೆ. 7ನೇ ಕಲಮು ರೈತನ ರಕ್ಷಣೆಗೆ ಇರೋದು: ಮನೆಗೆ ಹೊಂದಿಕೊಂಡ ಜಾಗದಲ್ಲಿ, ಆಗಲೇ ಇರುವ ಕಾಯಂ ಕಟ್ಟಡದ ಅಡಿಯಲ್ಲಿ, ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಕೊಳವೆ ಹಾಕುವಂತಿಲ್ಲ. 9ನೇ ಕಲಮು ರೈತನ ಕೈ ಕಟ್ಟೋದು: ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ, ಕೆರೆ, ಅಣೆಕಟ್ಟು ತೋಡುವಂತಿಲ್ಲ, ಮರ ನೆಡುವಂತಿಲ್ಲ. ಜೋಳ, ತೊಗರಿ, ಕಡಲೆ ಬೆಳೀಬಹುದು. ಮಾವಿನ ತೋಪು ಹಾಕೋ ಹಾಗಿಲ್ಲ.

ಪರಿಹಾರ 10ನೇ ಕಲಮಿನಲ್ಲಿದೆ. ಬೆಳೆ, ಮರಗಳ ನಷ್ಟ ಒಂದು ಭಾಗ. ಬಳಕೆಯ ಹಕ್ಕಿಗೆ ಭೂಮಿಯ ಮಾರುಕಟ್ಟೆ ಬೆಲೆಯ ಶೇ. 10 ಇನ್ನೊಂದು ಭಾಗ, ಅದೂ ಮೊದಲ ಪ್ರಕಟಣೆಯ ದಿನದ ಬೆಲೆ. ಉದಾಹರಣೆಗೆ 18 ಮೀಟರ್ ಅಗಲದ ಪಟ್ಟಿ ಒಬ್ಬನ ಹೊಲದಲ್ಲಿ 100 ಮೀಟರ್ ಉದ್ದ ಹೋದರೆ 1,800 ಚದರ ಮೀಟರ್, ಸುಮಾರು 18 ಗುಂಟೆ. ಎಕರೆಗೆ 10 ಲಕ್ಷ ಅಂದುಕೊಂಡರೆ ಆ ಪಟ್ಟಿಯ ಬೆಲೆ ಸುಮಾರು 4.45 ಲಕ್ಷ. ಕೈಗೆ ಬರೋದು ಸುಮಾರು 44,500 ರೂಪಾಯಿ, ಒಂದೇ ಸಲ. ನಾಳೆ ಆ ಊರಿನ ಹತ್ತಿರ ಕೈಗಾರಿಕಾ ವಲಯ ಬಂದು ಬೆಲೆ ಹತ್ತು ಪಟ್ಟಾದರೂ ಈ ಮೊತ್ತ ಬದಲಾಗಲ್ಲ. ನ್ಯಾಲ್‌ಕಲ್, ಝರಾಸಂಗಂ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ಬರ್ತಾ ಇರುವಾಗ ಇದು ಬರೀ ಕಾಲ್ಪನಿಕ ಮಾತಲ್ಲ.

1962ರಲ್ಲಿ ಹೊಲ ಅಂದ್ರೆ ಬೆಳೆ ಮಾತ್ರ ಅನ್ನೋ ಊಹೆ ಇತ್ತು. ಬೆಳೆಯೋಕೆ ತೊಂದರೆ ಇಲ್ಲ ಅಂದಮೇಲೆ ಶೇ. 10 ಸಾಕು ಅನ್ನೋ ತರ್ಕ. ಈಗ ಹೊಲ ಅಂದ್ರೆ ಕೊಳವೆಬಾವಿ, ತೋಟ, ಮಗಳ ಮದುವೆಗೆ ಮಾರಬಹುದಾದ ಆಸ್ತಿ. ನಡುವೆ ಕೊಳವೆ ಹೋದ ಹೊಲದಲ್ಲಿ ಪಟ್ಟಿಯ ಬೆಲೆ ಮಾತ್ರ ಅಲ್ಲ, ಎರಡು ಪಕ್ಕದ ತುಂಡುಗಳ ಬೆಲೆಯೂ ಇಳಿಯುತ್ತೆ. ಕೇರಳದಲ್ಲಿ ಕೊಚ್ಚಿ–ಮಂಗಳೂರು ಅನಿಲ ಕೊಳವೆಗೆ 2017ರಲ್ಲಿ ಜೋರು ವಿರೋಧ ಬಂದಾಗ ಅಲ್ಲಿನ ಸರ್ಕಾರ ಪರಿಹಾರ ಏರಿಸಬೇಕಾಯ್ತು. ಕಾಸರಗೋಡು ದಾಟಿ ಬರುವ ಆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆ ಆಯ್ತು. ಪರಿಹಾರ ಹೆಚ್ಚಿಸಿಯೂ ಕೊಳವೆ ಮುಗಿಸಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

6. ಮಣ್ಣು, ಕಲ್ಲು, ಅಪಾಯ

ನಾರಾಯಣಖೇಡದ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಕೊಳವೆಯ ಮೇಲಿನ ಲೇಪಕ್ಕೆ ಈ ಎಳೆದಾಟ ಒಳ್ಳೇದಲ್ಲ. ತಾಂಡೂರಿನಲ್ಲಿ ಸ್ವಲ್ಪ ಅಗೆದರೆ ಸುಣ್ಣಕಲ್ಲಿನ ಹಾಸು ಸಿಗುತ್ತೆ. ಅಲ್ಲಿ ಕಲ್ಲು ಕೊರೆದು, ಕೊಳವೆಗೆ ಮೆತ್ತನೆ ಮಣ್ಣಿನ ಹಾಸಿಗೆ ಹಾಕಬೇಕು. ಅಗೆಯುವಾಗ ಮೇಲ್ಮಣ್ಣನ್ನ ಬೇರೆ ಗುಡ್ಡೆ ಹಾಕಿ ಕೊನೆಗೆ ಮೇಲೆಯೇ ಹರಡಬೇಕು. ಮೊರಂ ಮೇಲೆ ಬಂದು ಎರೆಮಣ್ಣು ಕೆಳಗೆ ಹೋದರೆ ಆ ಪಟ್ಟಿಯಲ್ಲಿ ಕೆಲವು ಹಂಗಾಮು ಬೆಳೆ ಏಳೋದಿಲ್ಲ.

ಅಪಾಯದ ಮಾತು ಮುಚ್ಚಿಡಬಾರದು. 2014ರ ಜೂನ್ 27ರಂದು ಪೂರ್ವ ಗೋದಾವರಿಯ ನಗರಂ ಗ್ರಾಮದಲ್ಲಿ ಗೇಲ್ ಕೊಳವೆ ಸ್ಫೋಟಿಸಿ 20ಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆ ಅಂತ ಹಾಕಿದ ಕೊಳವೆಯಲ್ಲಿ ನೀರಿನಂಶದ ಅನಿಲ ಹರಿದು ಒಳಗಿನಿಂದ ತುಕ್ಕು ಹಿಡಿದಿತ್ತು. ತುಕ್ಕು ತಡೆಯೋ ವಿದ್ಯೆ ನಮಗೆ ಗೊತ್ತಿಲ್ಲದ್ದಲ್ಲ. ಕೊಳವೆಗೆ ಸಣ್ಣ ವಿದ್ಯುತ್ ಹರಿಸೋ ಕ್ಯಾಥೋಡಿಕ್ ರಕ್ಷಣೆ ಇದೆ, ಒಳಗೆ ಓಡಿ ಗೋಡೆಯ ದಪ್ಪ ಅಳೆಯೋ ‘ಪಿಗ್’ ಯಂತ್ರ ಇದೆ, ದೂರದಿಂದ ಮುಚ್ಚಬಹುದಾದ ವಾಲ್ವುಗಳಿವೆ. ಇವನ್ನ ಬಿಡದೆ ಪಾಲಿಸೋದೇ ಸುರಕ್ಷತೆ. ಟ್ಯಾಂಕರಿಗಿಂತ ಕೊಳವೆ ವಾಸಿ ಅನ್ನೋ ಮಾತು ಈ ಷರತ್ತಿನ ಮೇಲೆ ಮಾತ್ರ ನಿಜ.

ಇನ್ನೊಂದು ದೌರ್ಬಲ್ಯ ಇದೆ. ಎಲ್ಲ ಒಂದೇ ಕೊಳವೆಯಲ್ಲಿ ಬಂದರೆ ಅದು ನಿಂತ ದಿನ ಎಲ್ಲವೂ ನಿಲ್ಲುತ್ತೆ. 2021ರ ಮೇ ತಿಂಗಳಲ್ಲಿ ಸೈಬರ್ ದಾಳಿಯಿಂದ ಅಮೆರಿಕದ ಕಲೋನಿಯಲ್ ಕೊಳವೆ ಕೆಲವು ದಿನ ನಿಂತಾಗ ಪೂರ್ವ ಕರಾವಳಿಯ ಬಂಕುಗಳು ಬರಿದಾದವು. ಹಾಗಾಗಿ ಕೊಳವೆಯ ಜೊತೆಗೆ ರೈಲು, ಡಿಪೋ ದಾಸ್ತಾನು ಉಳಿಯಲೇಬೇಕು.

7. ಪ್ರಶ್ನೋತ್ತರ

ಪ್ರಶ್ನೆ: ಸೋಲಾರ್, ಬ್ಯಾಟರಿ ಬರ್ತಾ ಇರುವಾಗ ಹೊಸ ಕೊಳವೆ ಬೇಕಾ, ಸರ್?

ಉತ್ತರ: ದೇಶದ ಒಟ್ಟು ಇಂಧನದಲ್ಲಿ ಅನಿಲದ ಪಾಲು ಈಗ ಶೇ. 6–7ರ ಆಸುಪಾಸು, 2030ಕ್ಕೆ ಶೇ. 15 ಮಾಡಬೇಕು ಅನ್ನೋದು ಸರ್ಕಾರದ ಗುರಿ. ಸಿಮೆಂಟ್, ಗೊಬ್ಬರದಂಥ ಉದ್ಯಮಗಳು ಒಂದೇ ದಿನಕ್ಕೆ ವಿದ್ಯುತ್ತಿಗೆ ಬದಲಾಗಲ್ಲ. ಹಾಗಂತ ಹಾಕಿದ ಕೊಳವೆಯೆಲ್ಲ ತುಂಬುತ್ತೆ ಅಂತಲೂ ಇಲ್ಲ, ಕೆಜಿ–ಡಿ6 ಅದನ್ನ ತೋರಿಸಿಕೊಟ್ಟಿದೆ. ನನ್ನ ಅಭಿಪ್ರಾಯ ಇಷ್ಟೇ: ಹೊಸ ಮಾರ್ಗಕ್ಕೆ ಮೊದಲು ಹಳೆಯದರ ಖಾಲಿ ಸಾಮರ್ಥ್ಯ ಎಷ್ಟಿದೆ ಅಂತ ನೋಡಬೇಕು.

ಪ್ರಶ್ನೆ: ನಾಳೆ ನಮ್ಮೂರಿಗೆ ನೋಟಿಸ್ ಬಂದ್ರ ರೈತ ಮೊದಲು ಏನು ಮಾಡಬೇಕ್ರಿ?

ಉತ್ತರ: ಮೊದಲು ತಾರೀಖು ನೋಡಬೇಕು, 21 ದಿನದ ಎಣಿಕೆ ಇರುತ್ತೆ. ಆಮೇಲೆ ಸರ್ವೆ ನಂಬರು, ಭೂ ದಾಖಲೆಯಲ್ಲಿರೋ ಹೆಸರು ಸರಿ ಇದೆಯಾ ಅಂತ ನೋಡಬೇಕು. ತೀರಿಹೋದ ಅಪ್ಪನ ಹೆಸರಲ್ಲೇ ಪಟ್ಟಾ ಇದ್ದರೆ ಹಣ ಅಲ್ಲೇ ತಡೆಯುತ್ತೆ. ಬಾವಿ, ಮರ, ಬೆಳೆಗಳ ಫೋಟೋ ತೆಗೆದು ಪಂಚನಾಮೆಯಲ್ಲಿ ಬರೆಸಬೇಕು. ಸಕ್ಷಮ ಪ್ರಾಧಿಕಾರ ಹೇಳಿದ ಮೊತ್ತ ಒಪ್ಪಿಗೆ ಇಲ್ಲದಿದ್ದರೆ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗೋ ದಾರಿ ಕಾಯ್ದೆಯಲ್ಲೇ ಇದೆ.

ಭಾಷೆಯ ಮಾತು ನೆನಪಿಡಿ ಅಂದಿದ್ದೆ. ಇಂಗ್ಲಿಷ್ ಅಥವಾ ತೆಲುಗಿನ ನೋಟಿಸನ್ನ ಕನ್ನಡ ಮಾತಾಡೋ ಮನೆಯಲ್ಲಿ ಯಾರೋ ಓದಿ ಹೇಳಬೇಕು. ಆ ‘ಯಾರೋ’ ಸಿಗೋ ಹೊತ್ತಿಗೆ 21 ದಿನದಲ್ಲಿ ಎಷ್ಟು ಕಳೆದಿರುತ್ತೆ? ಗಡಿಸೀಮೆಯಲ್ಲಿ ಇಂಥ ಪ್ರಕಟಣೆ ಊರ ಜನ ಓದೋ ಭಾಷೆಗಳಲ್ಲೆಲ್ಲ ಪಂಚಾಯ್ತಿ ಗೋಡೆ ಮೇಲೆ ಬರಬೇಕು ಅನ್ನೋದು ದೊಡ್ಡ ಬೇಡಿಕೆ ಏನಲ್ಲ, ಖರ್ಚಿನದ್ದೂ ಅಲ್ಲ. ಇಲ್ಲಿ ಸೇರಿರೋ ವಿದ್ಯಾರ್ಥಿಗಳು ಕಾಯ್ದೆಯ 3ರಿಂದ 10ರವರೆಗಿನ ಕಲಮುಗಳನ್ನ ಸರಳ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿದರೆ ಈ ಸಂಕಿರಣ ಸಾರ್ಥಕ ಆಗುತ್ತೆ. ಆ ಕೆಲಸಕ್ಕೆ ನಾನೂ ಸೇರ್ತೀನಿ.