ಹದಿನೆಂಟು ತುಂಬದವರು ರಕ್ತಕ್ಕಾಗಿ ಏನು ಮಾಡಬಹುದು?

“ಬಿ ನೆಗೆಟಿವ್ ರಕ್ತ ತುರ್ತಾಗಿ ಬೇಕಾಗಿದೆ. ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ.” ಕರಾವಳಿಯಲ್ಲಿ ವಾಟ್ಸ್‌ಆ್ಯಪ್ ಇರುವ ಯಾರಿಗೂ ಈ ಸಂದೇಶ ಹೊಸದಲ್ಲ. ಮನೆಯವರ ಗ್ರೂಪ್, ಜಮಾಅತಿನ ಗ್ರೂಪ್, ಕ್ರಿಕೆಟ್ ತಂಡದ ಗ್ರೂಪ್, ಮೂರರಲ್ಲೂ ಹತ್ತು ನಿಮಿಷದೊಳಗೆ ಅದೇ ಬಂದು ಬಿದ್ದಿರುತ್ತದೆ. ಯಾವ ಆಸ್ಪತ್ರೆ, ಯಾವ ದಿನ, ರೋಗಿಯ ಕಡೆಯವರು ಯಾರು ಎಂದು ಮಾತ್ರ ಅದರಲ್ಲಿ ಇರುವುದಿಲ್ಲ. ಮೂರು ವರ್ಷದ ಹಿಂದಿನ ಸಂದೇಶವೂ ನಿನ್ನೆಯದರಂತೆಯೇ ಕಾಣುತ್ತದೆ.

ಆ ಸಂದೇಶದ ಇನ್ನೊಂದು ತುದಿಯಲ್ಲಿ ಯಾರಿರುತ್ತಾರೆ ಎಂದು ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಜನ ತಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಅದಿಲ್ಲದ ಕಾರಣ ಭಟ್ಕಳ, ಹೊನ್ನಾವರ, ಕುಮಟಾದಿಂದ ಗಂಭೀರ ರೋಗಿಗಳು ಮಣಿಪಾಲಕ್ಕೋ ಮಂಗಳೂರಿಗೋ ಬರುತ್ತಾರೆ. ಕೊಡಗು, ಚಿಕ್ಕಮಗಳೂರು, ಕಾಸರಗೋಡಿನಿಂದ ಬರುವವರೂ ಕಡಿಮೆಯಿಲ್ಲ. ಜೊತೆಗೆ ಬಂದವರು ಒಬ್ಬರೋ ಇಬ್ಬರೋ. ಊರಲ್ಲಿ ಅವರಿಗೆ ಕರೆದರೆ ಓಡಿಬರುವ ನೂರು ಜನ ಇರಬಹುದು. ಇಲ್ಲಿ ಕ್ಯಾಂಟೀನ್ ಎಲ್ಲಿದೆ ಎಂದು ಹೇಳುವವರೂ ಇಲ್ಲ. ರಾತ್ರಿ ನರ್ಸ್ ಬಂದು ಒಂದು ಚೀಟಿ ಕೊಟ್ಟು, ಬೆಳಗ್ಗೆಯೊಳಗೆ ಎರಡು ಯೂನಿಟ್ ವ್ಯವಸ್ಥೆ ಮಾಡಿ ಎನ್ನುತ್ತಾರೆ. ಆ ಚೀಟಿ ಹಿಡಿದು ನಿಂತವರಿಗೆ ಸಹಾಯವಾಗುವುದು ನಾವು ಮುಂದೆ ಕಳುಹಿಸುವ ಸಂದೇಶವಲ್ಲ, ಎದುರಿಗೆ ಬಂದು ತೋಳು ಚಾಚುವ ಒಬ್ಬ ಮನುಷ್ಯ.

ಇಷ್ಟು ದೊಡ್ಡ ಆಸ್ಪತ್ರೆಗಳಲ್ಲಿ ರಕ್ತನಿಧಿ ಇರುವಾಗ ರಕ್ತ ಯಾಕೆ ಇರುವುದಿಲ್ಲ ಎಂದು ನಮ್ಮಲ್ಲಿ ಹಲವರು ಕೇಳುತ್ತಾರೆ. ರಕ್ತವನ್ನು ಅಕ್ಕಿಯಂತೆ ತುಂಬಿಡಲು ಆಗುವುದಿಲ್ಲ ಎಂಬುದೇ ಉತ್ತರ. ಒಬ್ಬರಿಂದ ತೆಗೆದ ರಕ್ತವನ್ನು ಸಾಮಾನ್ಯವಾಗಿ ಕೆಂಪು ರಕ್ತಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತಾರೆ. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಒಂದು ವರ್ಷ ಉಳಿಯುತ್ತದೆ. ಕೆಂಪು ಕಣಗಳು, ಬಳಸಿದ ದ್ರಾವಣವನ್ನು ಹೊಂದಿಕೊಂಡು, 35ರಿಂದ 42 ದಿನ. ಪ್ಲೇಟ್‌ಲೆಟ್ ಬರೀ 5 ದಿನ. ಅದೂ 20ರಿಂದ 24 ಡಿಗ್ರಿ ಶಾಖದಲ್ಲಿ, ಯಂತ್ರದ ಮೇಲೆ ಸದಾ ಮೆಲ್ಲಗೆ ಅಲುಗಾಡುತ್ತಿರಬೇಕು. ಅಂದರೆ ಗಾಂಧಿ ಜಯಂತಿಯ ದಿನ ದೊಡ್ಡ ಶಿಬಿರ ಮಾಡಿ ಇನ್ನೂರು ಯೂನಿಟ್ ಸಂಗ್ರಹಿಸಿದರೂ ಡಿಸೆಂಬರಿನ ರೋಗಿಗೆ ಅದರಿಂದ ಒಂದು ಹನಿ ಕೆಂಪು ಕಣವೂ ಸಿಗುವುದಿಲ್ಲ. ಶಿಬಿರದ ಫೋಟೋ ಮಾತ್ರ ಉಳಿದಿರುತ್ತದೆ.

ಕೊರತೆಗೂ ಒಂದು ಋತು ಇದೆ. ಹೆಚ್ಚಿನ ಶಿಬಿರಗಳು ನಡೆಯುವುದು ಕಾಲೇಜುಗಳಲ್ಲಿ. ಮಾರ್ಚಿನಿಂದ ಮೇವರೆಗೆ ಪರೀಕ್ಷೆ ಮತ್ತು ರಜೆ, ಆಗ ಶಿಬಿರಗಳಿಲ್ಲ. ನಮ್ಮ ಕಡೆ ಇದಕ್ಕೆ ರಮಝಾನ್ ಕೂಡ ಸೇರುತ್ತದೆ, ಏಕೆಂದರೆ ಉಪವಾಸದಲ್ಲಿರುವವರು ಹಗಲಿನಲ್ಲಿ ರಕ್ತ ಕೊಡುವಂತಿಲ್ಲ. ಕೊಡುವ ಮೊದಲು ಊಟ ಮಾಡಿ, ಚೆನ್ನಾಗಿ ನೀರು ಕುಡಿದಿರಬೇಕೆಂದು ವೈದ್ಯರು ಹೇಳುತ್ತಾರೆ. ಹಾಗಾಗಿ ಆ ತಿಂಗಳು ದಾನಿಗಳು ಬರುವುದು ಇಫ್ತಾರ್ ಅಥವಾ ತರಾವೀಹ್ ಆದ ಮೇಲೆ. ಇದನ್ನು ಮೊದಲೇ ತಿಳಿದು ರಾತ್ರಿ ಬರುವವರನ್ನು ಹೊಂದಿಸಿಟ್ಟರೆ ಕೆಲಸ ನಡೆಯುತ್ತದೆ. ಥಲಸೇಮಿಯಾ ಇರುವ ಮಕ್ಕಳಿಗಂತೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಅವರ ಕಾಯಿಲೆಗೆ ಪರೀಕ್ಷೆಯೂ ಇಲ್ಲ, ಹಬ್ಬವೂ ಇಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ದೇಶದ ನಿಯಮದಂತೆ ರಕ್ತ ಕೊಡುವವರಿಗೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಗಂಡಸರು ಒಮ್ಮೆ ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಮಲೇರಿಯಾ ಬಂದು ಗುಣವಾದವರು ಮೂರು ತಿಂಗಳು ಕಾಯಬೇಕು. ಮಂಗಳೂರಿನ ಕಡೆಯವರು ಇದನ್ನು ಮರೆಯಬಾರದು. ತೆಗೆಯುವುದು 350 ಮಿಲಿಲೀಟರ್, ತೂಕ 55 ಕಿಲೋಗಿಂತ ಹೆಚ್ಚಿದ್ದವರಿಂದ 450. ನಮ್ಮ ಕಾಲೇಜಿನಲ್ಲಿರುವವರು ಹೆಚ್ಚಾಗಿ 16, 17ರ ವಯಸ್ಸಿನವರು. “ನನಗೆ ಇನ್ನೂ ಎರಡು ತಿಂಗಳು ಕಡಿಮೆ, ಅಷ್ಟೇ” ಎಂದು ಆಧಾರ್ ಕಾರ್ಡನ್ನು ಮುಚ್ಚಿಟ್ಟುಕೊಂಡು ಹೋಗುವ ಉತ್ಸಾಹಿಗಳೂ ಇದ್ದಾರೆ. ಅದು ಬೇಡ. ಬೆಳೆಯುವ ದೇಹಕ್ಕೆ ಅದರದ್ದೇ ಕಬ್ಬಿಣಾಂಶ ಬೇಕು ಎಂದೇ ಈ ನಿಯಮ ಇದೆ.

ಆದರೆ ಸೂಜಿ ಚುಚ್ಚಿಸಿಕೊಳ್ಳುವುದು ಈ ಕೆಲಸದ ಹತ್ತು ನಿಮಿಷದ ಭಾಗ ಮಾತ್ರ. ಉಳಿದ ಭಾಗವೆಲ್ಲ ಪಟ್ಟಿ, ಫೋನು, ವಿಚಾರಣೆ, ಓಡಾಟ. ಅದಕ್ಕೆ ವಯಸ್ಸಿನ ನಿಯಮ ಇಲ್ಲ.

ನನ್ನ ಅಣ್ಣ ಊರಿನ ಯುವಕರ ಒಂದು ಸಣ್ಣ ತಂಡದಲ್ಲಿದ್ದಾನೆ. ಹಗಲೆಲ್ಲ ಅವನಿಗೆ ಅಂಗಡಿ. ಆದ್ದರಿಂದ ದಾನಿಗಳ ಪಟ್ಟಿಯನ್ನು ಕಳೆದ ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಮೊದಲು ಅದರಲ್ಲಿ ಇದ್ದದ್ದು ಹೆಸರು, ಗುಂಪು, ಫೋನ್ ನಂಬರ್ ಅಷ್ಟೇ. ನೂರಾ ನಲವತ್ತು ಹೆಸರು ನೋಡಲು ದೊಡ್ಡ ಸೈನ್ಯದಂತಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ನೋಡಿದರೆ ಸುಮಾರು ಅರ್ಧದಷ್ಟು ಜನ ದುಬೈ, ಜಿದ್ದಾ, ಬೆಂಗಳೂರಿನಲ್ಲಿದ್ದರು. ಕೆಲವರು ಹಿಂದಿನ ತಿಂಗಳಷ್ಟೇ ರಕ್ತ ಕೊಟ್ಟಿದ್ದರು. ಇಬ್ಬರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಈಗ ಪಟ್ಟಿಯಲ್ಲಿ ಇನ್ನೂ ಮೂರು ಅಂಕಣಗಳಿವೆ: ಕೊನೆಯ ಸಲ ಕೊಟ್ಟ ದಿನಾಂಕ, ಈಗ ಇರುವ ಊರು, ರಾತ್ರಿ ಕರೆದರೆ ಬರುತ್ತಾರೋ ಇಲ್ಲವೋ. ನಿಜವಾಗಿ ಕರೆಯಬಹುದಾದವರು ಐವತ್ತು ಚಿಲ್ಲರೆ ಜನ. ಆ ಐವತ್ತು ಹೆಸರಿನ ಪಟ್ಟಿಯೇ ನೂರಾ ನಲವತ್ತರದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತಿದೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಹೊನ್ನಾವರ ಕಡೆಯ ಒಬ್ಬ ತಂದೆಯ ಕರೆ ಬಂತು. ಮಗನಿಗೆ ಪ್ಲೇಟ್‌ಲೆಟ್ ಬೇಕು. ಅಣ್ಣ ಇನ್ನೂ ಮನೆಗೆ ಬಂದಿರಲಿಲ್ಲ. “ತಂಗೀ, ನೀನಾದ್ರೂ ಯಾರಿಗಾದ್ರೂ ಹೇಳು” ಎಂದರು. ಆಸ್ಪತ್ರೆ, ವಾರ್ಡ್, ವೈದ್ಯರು ಬರೆದ ಚೀಟಿಯ ಫೋಟೋ ಇಷ್ಟನ್ನು ಕೇಳಿ ಪಡೆದು, ಅಲ್ಲಿನ ರಕ್ತನಿಧಿಗೇ ಫೋನ್ ಮಾಡಿದೆ. ಅವರಿಗೆ ಬೇಕಿದ್ದದ್ದು ಯಂತ್ರದಲ್ಲಿ ಪ್ಲೇಟ್‌ಲೆಟ್ ಮಾತ್ರ ಬೇರ್ಪಡಿಸಿ ಉಳಿದ ರಕ್ತವನ್ನು ದಾನಿಗೇ ಹಿಂದಿರುಗಿಸುವ ವಿಧಾನಕ್ಕೆ ಒಬ್ಬ ದಾನಿ. ಅದಕ್ಕೆ ಒಂದರಿಂದ ಒಂದೂವರೆ ಗಂಟೆ ಬೇಕು, ತೋಳಿನ ರಕ್ತನಾಳ ದಪ್ಪಗಿರಬೇಕು. ಹೀಗೆ ಒಬ್ಬರಿಂದ ಸಿಗುವುದು ಸಾಮಾನ್ಯ ರೀತಿಯಲ್ಲಿ ಸುಮಾರು ಆರು ಮಂದಿಯಿಂದ ಸಿಗುವಷ್ಟು. ಇದು ಗೊತ್ತಿಲ್ಲದೆ ಗ್ರೂಪಿನಲ್ಲಿ ಹಾಕಿದ್ದರೆ ಹತ್ತು ಜನ ಬೈಕ್ ಹತ್ತಿ ಬಂದು ಎಂಟು ಜನ ಸುಮ್ಮನೆ ಹಿಂದೆ ಹೋಗುತ್ತಿದ್ದರು. ಮುಂದಿನ ಸಲ ಕರೆದರೆ ಆ ಎಂಟು ಜನ ಫೋನ್ ಎತ್ತುವುದಿಲ್ಲ. ಹದಿನಾಲ್ಕು ಕರೆ ಮಾಡಿದ ಮೇಲೆ ಇಬ್ಬರು ಒಪ್ಪಿದರು. ಮೊದಲನೆಯವರೇ ಸಾಕಾದರು. ಎರಡನೆಯವರಿಗೆ ಬರಬೇಡಿ ಎಂದು ಹೇಳುವುದೂ ಈ ಕೆಲಸದಲ್ಲಿ ಸೇರಿದೆ.

ಹಾಗೆಯೇ, ಡೆಂಗಿ ಎಂದ ಕೂಡಲೇ ಪ್ಲೇಟ್‌ಲೆಟ್ ಹುಡುಕಲು ಓಡುವವರನ್ನು ಸ್ವಲ್ಪ ತಡೆಯಬೇಕಾಗುತ್ತದೆ. ಎಣಿಕೆ ಇಳಿದ ಮಾತ್ರಕ್ಕೆ ಎಲ್ಲರಿಗೂ ಅದನ್ನು ಕೊಡುವುದಿಲ್ಲ. ರಕ್ತಸ್ರಾವ ಇದೆಯೇ, ಎಣಿಕೆ ತೀರಾ ಕೆಳಗೆ ಹೋಗಿದೆಯೇ ಎಂದು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಅವರು ಬರೆದುಕೊಟ್ಟ ಚೀಟಿ ಬರುವ ತನಕ ನಾವು ಯಾರನ್ನೂ ಕರೆಯುವುದಿಲ್ಲ.

ಸಂದೇಶವನ್ನು ಕಳುಹಿಸುವುದೇ ಆದರೆ ಅದರಲ್ಲಿ ಇರಬೇಕಾದದ್ದು ಇಷ್ಟು: ದಿನಾಂಕ, ಆಸ್ಪತ್ರೆ, ಬೇಕಾದ ಗುಂಪು ಮತ್ತು ಯೂನಿಟ್, ಜೊತೆಗಿರುವವರ ಒಂದು ನಂಬರ್. ಕಾಯಿಲೆಯ ಹೆಸರು ಬೇಡ, ರೋಗಿಯ ಫೋಟೋ ಅಂತೂ ಬೇಡವೇ ಬೇಡ. ಅವಳ ಹೆರಿಗೆಯಲ್ಲಿ ತೊಂದರೆಯಾಯಿತು, ಅವನಿಗೆ ಕ್ಯಾನ್ಸರ್ ಅಂತೆ ಎಂಬುದನ್ನು ಊರೆಲ್ಲ ಓದಬೇಕಾಗಿಲ್ಲ. ರಕ್ತ ಸಿಕ್ಕಿದ ಮೇಲೆ “ಸಿಕ್ಕಿತು” ಎಂದು ಅಲ್ಲೇ ಹಾಕಬೇಕು. ಇದೊಂದನ್ನು ಮಾಡಿದರೂ ಆ ನಂಬರಿಗೆ ಆರು ತಿಂಗಳವರೆಗೆ ಬರುವ ಕರೆಗಳು ನಿಲ್ಲುತ್ತವೆ. ಸಂದೇಶ ಹಾಕುವ ಮೊದಲು ಸರಕಾರದ ಇ-ರಕ್ತಕೋಶ್ ತಾಣದಲ್ಲಿ ಹತ್ತಿರದ ಯಾವ ರಕ್ತನಿಧಿಯಲ್ಲಿ ಎಷ್ಟಿದೆ ಎಂದು ನೋಡಬಹುದು. ಅಲ್ಲಿನ ಅಂಕಿ ಕೆಲವೊಮ್ಮೆ ಹಳೆಯದಿರುತ್ತದೆ, ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳುವುದು ವಾಸಿ.

ಇನ್ನು ಹಣದ ಮಾತು. ಹಿಂದೆ ಹಣಕ್ಕಾಗಿ ರಕ್ತ ಮಾರುವವರು ನಮ್ಮ ದೇಶದಲ್ಲಿ ಬಹಳ ಇದ್ದರು. ಹೊಟ್ಟೆಗಿಲ್ಲದವರು, ಕಾಯಿಲೆ ಇದ್ದವರು, ತಿಂಗಳಿಗೆ ಎರಡೆರಡು ಸಲ ಕೊಡುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಈಗ ರಕ್ತಕ್ಕೆ ಬೆಲೆ ಇಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗೆ ಮತ್ತು ಬೇರ್ಪಡಿಸುವುದಕ್ಕೆ ತಗಲುವ ಶುಲ್ಕವನ್ನು ಮಾತ್ರ ಪಡೆಯಬಹುದು. ಥಲಸೇಮಿಯಾ ರೋಗಿಗಳಿಗೆ ಅದನ್ನೂ ಪಡೆಯಬಾರದು ಎಂಬ ನಿಯಮ ಇದೆ. ಈ ಮಾತು ಗೊತ್ತಿಲ್ಲದೆ ಸಾಲ ಮಾಡಿ ತಂದು ಕೊಡುವವರಿದ್ದಾರೆ. ಆಸ್ಪತ್ರೆಯ ಹೊರಗೆ ನಿಂತು “ಇಷ್ಟು ಕೊಡಿ, ದಾನಿಯನ್ನು ತರುತ್ತೇನೆ” ಎನ್ನುವವನ ಕೈಗೆ ಬೀಳದಂತೆ ನೋಡಿಕೊಳ್ಳುವುದಕ್ಕೆ ರೋಗಿಯ ಕಡೆಯವರ ಜೊತೆ ಕೌಂಟರಿನವರೆಗೆ ಹೋಗಿ ಬರುವ ಒಬ್ಬ ವಿದ್ಯಾರ್ಥಿ ಸಾಕು.

ದಾನಿಯನ್ನು ರಕ್ತನಿಧಿಯವರು ಹಿಂದೆ ಕಳುಹಿಸಿದರೆ ಯಾಕೆ ಎಂದು ಕೇಳಬಾರದು. ಕಾರಣ ಹತ್ತಿರಬಹುದು, ಅದು ಅವರಿಗೂ ವೈದ್ಯರಿಗೂ ಸೇರಿದ ವಿಷಯ. ಪಟ್ಟಿಯಲ್ಲಿ “ಸದ್ಯಕ್ಕೆ ಬೇಡ” ಎಂದಷ್ಟೇ ಬರೆದುಕೊಳ್ಳುತ್ತೇನೆ.

ಹುಡುಗಿಯರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆ. ಹದಿನೆಂಟು ತುಂಬಿದ ಖುಷಿಯಲ್ಲಿ ಶಿಬಿರಕ್ಕೆ ಹೋದ ಅಕ್ಕಂದಿರು ಹಿಮೋಗ್ಲೋಬಿನ್ 10 ಎಂದು ಹೇಳಿಸಿಕೊಂಡು ಜ್ಯೂಸ್ ಕುಡಿದು ಬರುವುದನ್ನು ನಾವೆಲ್ಲ ನೋಡಿದ್ದೇವೆ. ಶಾಲೆಯಲ್ಲಿ ವಾರಕ್ಕೊಂದು ಕೊಡುತ್ತಿದ್ದ ಆ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆದವರು ಎಷ್ಟು ಮಂದಿ ಎಂದು ನಾನು ಲೆಕ್ಕ ಹಾಕುವುದಿಲ್ಲ. ಅದರಲ್ಲಿ ಇದ್ದದ್ದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ, ನಿಂಬೆ ಹಿಂಡಿಕೊಂಡರೆ ಹೆಚ್ಚುತ್ತದೆ. ಇನ್ನೊಬ್ಬರಿಗೆ ಕೊಡುವುದು ಹಾಗಿರಲಿ, ನಾಳೆ ನಮ್ಮ ಹೆರಿಗೆಯಲ್ಲಿ ನಮಗೇ ರಕ್ತ ಬೇಕಾಗಿ ಯಾರದ್ದೋ ಫೋನ್ ರಾತ್ರಿ ಬಡಿದುಕೊಳ್ಳದಿರಲಿ ಎಂದಾದರೂ ಈಗಿನಿಂದ ನೋಡಿಕೊಳ್ಳಬೇಕು.

ಪಟ್ಟಿ ಎಷ್ಟು ಮುಖ್ಯ ಎಂಬುದಕ್ಕೆ ಬಾಂಬೆ ರಕ್ತದ ಗುಂಪಿನ ಉದಾಹರಣೆ ಸಾಕು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಈ ಗುಂಪು ಮಾಮೂಲಿ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಆದರೆ ಅವರಿಗೆ ಓ ರಕ್ತವೂ ಹೊಂದುವುದಿಲ್ಲ, ಅದೇ ಗುಂಪಿನವರದ್ದೇ ಬೇಕು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರು ಅಂಥವರು. ಅಂಥ ರೋಗಿಗೆ ರಕ್ತ ಸಿಗುವುದು ಬೇರೆ ಬೇರೆ ಊರಿನ ಪಟ್ಟಿಗಳು ಒಂದಕ್ಕೊಂದು ಮಾತಾಡಿದಾಗ ಮಾತ್ರ.

ಇದನ್ನು ಶುರು ಮಾಡಲು ಕಾಲೇಜಿನ ಅನುಮತಿಯೂ ಬೇಡ, ಬ್ಯಾನರೂ ಬೇಡ. ಒಂದು ಉದ್ದ ನೋಟ್‌ಬುಕ್ ಸಾಕು. ಮೊದಲು ಮನೆಯವರು, ಆಮೇಲೆ ಚಿಕ್ಕಪ್ಪ, ಮಾವ, ಅಕ್ಕಪಕ್ಕದ ಮನೆಯವರು. ಪಕ್ಕದ ಮನೆಯವರು ಯಾವ ಧರ್ಮದವರು ಎಂಬ ಅಂಕಣ ಅದರಲ್ಲಿ ಇಲ್ಲ. ಅವರ ಹೆಸರನ್ನು ಅವರ ಒಪ್ಪಿಗೆ ಪಡೆದೇ ಬರೆಯಿರಿ, ನೋಟ್‌ಬುಕ್ಕನ್ನು ಎಲ್ಲೆಂದರಲ್ಲಿ ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಒಂದು ಫೋನ್. ಗುಂಪು ಯಾವುದು ಎಂದು ಕೇಳಿದರೆ ಹೆಚ್ಚಿನವರು ಡ್ರೈವಿಂಗ್ ಲೈಸೆನ್ಸ್ ತೆಗೆದು ತೋರಿಸುತ್ತಾರೆ. ಅದರಲ್ಲಿ ಇರುವುದು ಅರ್ಜಿಯಲ್ಲಿ ಅವರೇ ತುಂಬಿದ್ದು, ಎಷ್ಟೋ ಸಲ ಅಂದಾಜಿನದ್ದು. ಹಿಂದೆ ರಕ್ತ ಕೊಟ್ಟಾಗ ಸಿಕ್ಕಿದ ಕಾರ್ಡ್ ಅಥವಾ ಲ್ಯಾಬಿನ ವರದಿ ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೆ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಿನ ಮನೆಗೆ ಹೋಗಿ.