ಒಲೆಗೆ ಹಾಕಿದ ಕಾದಂಬರಿ ಎದ್ದು ಬಂತು!

ಟ್ರಾಮ್ ನಿಂತಿದೆ. ಹಂದಿ ಗಾತ್ರದ ಒಂದು ಕರಿಬೆಕ್ಕು ಮೆಟ್ಟಿಲೇರುತ್ತದೆ. ಹತ್ತು ಕೊಪೆಕ್ ನಾಣ್ಯ ಮುಂದೆ ಚಾಚುತ್ತದೆ. ಟಿಕೆಟ್ಟಿಗೆ!

ಕಂಡಕ್ಟರ್ ಹೆಂಗಸು ಏನು ಮಾಡಿರಬಹುದು ಹೇಳಿ. ಚೀರಿದಳೇ? ಮೂರ್ಛೆ ಹೋದಳೇ? ಊಹೂಂ! ಬೆಕ್ಕುಗಳಿಗೆ ಪ್ರವೇಶವಿಲ್ಲ, ಇಳಿ ಎಂದು ಗದರಿದಳು. ಬೆಕ್ಕೊಂದು ದುಡ್ಡು ಕೊಡಲು ಬಂದದ್ದು ಅವಳಿಗೆ ಸೋಜಿಗವೇ ಅಲ್ಲ. ರೂಲ್ಸ್ ಮುರಿದದ್ದಷ್ಟೇ ತಪ್ಪು!

ಬೆಕ್ಕು ಬಿಟ್ಟೀತೇ? ತೆಪ್ಪಗೆ ಇಳಿಯಿತು. ಟ್ರಾಮ್ ಹೊರಟಿತು. ಬೆಕ್ಕು ಅದರ ಹಿಂಬದಿಗೆ ಜೋತು ಬಿದ್ದು ಹೊರಟೇಬಿಟ್ಟಿತು. ಹತ್ತು ಕೊಪೆಕ್ ಉಳಿತಾಯ!

ಇದು 'ಮಾಸ್ಟರ್ ಮತ್ತು ಮಾರ್ಗರೀಟ' ಕಾದಂಬರಿ. ಬರೆದವರು ಮಿಖಾಯಿಲ್ ಬುಲ್ಗಾಕೊವ್. ಹುಟ್ಟಿದ್ದು ಕೀವ್‌ನಲ್ಲಿ, ಓದಿದ್ದು ವೈದ್ಯಕೀಯ. ಕಥೆ? ಸ್ಟಾಲಿನ್ ಕಾಲದ ಮಾಸ್ಕೋಗೆ ಸಾಕ್ಷಾತ್ ಸೈತಾನ ಬಂದಿಳಿಯುತ್ತಾನೆ. ದೇವರೂ ಇಲ್ಲ, ದೆವ್ವವೂ ಇಲ್ಲ ಎನ್ನುತ್ತಿದ್ದ ಊರಿಗೆ!

ಇದರ ಮಾತುಗಳು ರಷ್ಯನ್ನರ ಬಾಯಲ್ಲಿ ಗಾದೆಗಳೇ ಆಗಿಹೋಗಿವೆ. ಅನ್ನುಷ್ಕಾ ಎಂಬ ಹೆಂಗಸು ಸೂರ್ಯಕಾಂತಿ ಎಣ್ಣೆ ಚೆಲ್ಲುತ್ತಾಳೆ. ಸಂಪಾದಕನೊಬ್ಬ ಅದರ ಮೇಲೆ ಜಾರಿ ಟ್ರಾಮ್ ಚಕ್ರಕ್ಕೆ ಸಿಗುತ್ತಾನೆ. ರುಂಡ ಉರುಳುತ್ತದೆ! ಸೈತಾನ ಅದನ್ನು ಮೊದಲೇ ಹೇಳಿದ್ದ. ಇಂದಿಗೂ ಯಾರದೋ ಹಣೆಬರಹ ಬರೆದಾಗಿದೆ ಅನ್ನಬೇಕಾದರೆ ರಷ್ಯನ್ನರು ಆ ಎಣ್ಣೆಯನ್ನೇ ನೆನೆಯುತ್ತಾರೆ.

ಇನ್ನೊಂದು ಕೇಳಿ. ನಾಟಕ ಮಂದಿರದ ಕ್ಯಾಂಟೀನಿನವನು ಹಳಸಿದ ಮೀನು ಮಾರಿ ಸಿಕ್ಕಿಬೀಳುತ್ತಾನೆ. ಅವನ ಸಮಜಾಯಿಷಿ ಏನು ಗೊತ್ತೇ? ನಮಗೆ ಬಂದ ಮೀನಿನ ತಾಜಾತನವೇ ಎರಡನೇ ದರ್ಜೆಯದು ಸ್ವಾಮಿ! ತಾಜಾತನದಲ್ಲೂ ದರ್ಜೆಯೇ? ಸೈತಾನನಿಗೇ ಸಿಟ್ಟು ಬಂತು! ನನ್ನ ಪ್ರಕಾರ ಸರ್ಕಾರಿ ಭಾಷೆಗೆ ಇದಕ್ಕಿಂತ ಒಳ್ಳೆಯ ಪೆಟ್ಟು ಯಾರೂ ಕೊಟ್ಟಿಲ್ಲ.

ಎಲ್ಲಕ್ಕಿಂತ ಹೆಸರಾದ ಮಾತು ರಷ್ಯನ್ ಭಾಷೆಯಲ್ಲಿ ಮೂರೇ ಪದ. ಕಥೆಯೊಳಗಿನ ಲೇಖಕ ಮಾಸ್ಟರ್ ತನ್ನ ಕಾದಂಬರಿಯನ್ನು ಸುಟ್ಟಿರುತ್ತಾನೆ. ಎಲ್ಲಿ, ತೋರಿಸು ಎನ್ನುತ್ತಾನೆ ಸೈತಾನ. ಕುರ್ಚಿಯ ಮೇಲಿದ್ದ ಅದೇ ಕರಿಬೆಕ್ಕು ಛಂಗನೆ ಕೆಳಗೆ ಹಾರುತ್ತದೆ. ಅದು ಕೂತಿದ್ದೇ ಆ ಹಸ್ತಪ್ರತಿಯ ಕಟ್ಟಿನ ಮೇಲೆ! ಬರೆದಿಟ್ಟದ್ದಕ್ಕೆ ಬೆಂಕಿಯ ಭಯವಿಲ್ಲ ಎಂಬ ಧಾಟಿಯಲ್ಲಿ ಸೈತಾನ ಒಂದು ಮಾತು ಆಡುತ್ತಾನೆ. ಅದೇ ಈ ಮೂರು ಪದ.

ಬರೀ ಕಥೆ ಅಂದುಕೊಂಡಿರಾ? ಬುಲ್ಗಾಕೊವ್ ನಿಜವಾಗಿ ಸುಟ್ಟಿದ್ದರು! 1930ರ ಮಾರ್ಚ್‌ನಲ್ಲಿ, ಇದೇ ಕಾದಂಬರಿಯ ಕರಡನ್ನು, ತಮ್ಮ ಕೈಯಾರೆ ಒಲೆಗೆ ಹಾಕಿದ್ದರು.

ಯಾಕೆ? ಹತ್ತು ವರ್ಷಗಳಲ್ಲಿ ಪತ್ರಿಕೆಗಳಲ್ಲಿ ತಮ್ಮ ಬಗ್ಗೆ ಬಂದ ಬರಹಗಳನ್ನು ಅವರೇ ಎಣಿಸಿದ್ದರು. ಒಟ್ಟು 301. ಹೊಗಳಿದವು ಎಷ್ಟಿರಬಹುದು? ನೂರು? ಐವತ್ತು? ಮೂರು! ಉಳಿದ 298ರಲ್ಲೂ ಬೈಗುಳ. ಈ ಲೆಕ್ಕವನ್ನು ಅವರು ಮಾರ್ಚ್ 28ರಂದು ನೇರ ಸೋವಿಯತ್ ಸರ್ಕಾರಕ್ಕೇ ಬರೆದು ಕಳಿಸಿದರು. ಏಪ್ರಿಲ್ 18ಕ್ಕೆ ಮನೆಯ ಫೋನ್ ಟ್ರಿಣ್ ಅಂತು. ಆ ಕಡೆ ಸ್ಟಾಲಿನ್! ರಂಗಮಂದಿರದಲ್ಲಿ ಕೆಲಸ ಸಿಕ್ಕಿತು. ಕಾದಂಬರಿಗೆ ಮಾತ್ರ ಬೆಳಕಿಲ್ಲ.

ಆದರೆ ಆ ಒಲೆಗೆ ಎಲ್ಲವೂ ಬಿದ್ದಿರಲಿಲ್ಲ! ನೋಟ್‌ಬುಕ್ಕಿನ ಹಾಳೆ ಹರಿದಾಗ ಹೊಲಿಗೆಯ ಕಡೆಯ ತುಂಡುಗಳು ಹಾಗೇ ಉಳಿದಿದ್ದವು. ಅರ್ಧ ಸಾಲು, ಕಾಲು ಪದ. ಮಾರಿಯೆತ್ತಾ ಚುದಕೋವಾ ಎಂಬ ವಿದುಷಿ ಮುಂದೊಂದು ದಿನ ಆ ಚೂರುಗಳನ್ನೇ ಹಿಡಿದು ಮೊದಲ ಕರಡನ್ನು ಕಟ್ಟಿ ನಿಲ್ಲಿಸಿದರು. ಎಂಥ ತಾಳ್ಮೆ!

ಬುಲ್ಗಾಕೊವ್ ಮತ್ತೆ ಮೊದಲಿನಿಂದ ಬರೆದರು. ಮೂತ್ರಪಿಂಡದ ಕಾಯಿಲೆಗೆ ಕಣ್ಣು ಹೋಗುತ್ತಿದ್ದಾಗಲೂ ಹಾಸಿಗೆಯಿಂದಲೇ ತಿದ್ದುಪಡಿ ಹೇಳುತ್ತಿದ್ದರು, ಹೆಂಡತಿ ಯೆಲೆನಾ ಬರೆದುಕೊಳ್ಳುತ್ತಿದ್ದರು. 1940ರ ಮಾರ್ಚ್ 10. ವಯಸ್ಸು 48. ಮುಗಿಯಿತು.

ಗೋರಿಗೆ ಒಂದು ಕಲ್ಲು ಬೇಕು. ಸ್ಮಶಾನದ ಕಲ್ಲುಕುಟಿಗರ ಗುಜರಿ ರಾಶಿಯಲ್ಲಿ ಯೆಲೆನಾಗೆ ಒಂದು ಕರಿಬಂಡೆ ಸಿಕ್ಕಿತು. ಯಾರದು? ಗೊಗೊಲ್‌ನ ಸಮಾಧಿಯಿಂದ ತೆಗೆದೆಸೆದ ಕಲ್ಲು! ಬುಲ್ಗಾಕೊವ್ ಗುರುವೆಂದು ಭಾವಿಸಿದ್ದ ಗೊಗೊಲ್! 1852ರಲ್ಲಿ 'ಸತ್ತ ಆತ್ಮಗಳು' ಕಾದಂಬರಿಯ ಎರಡನೇ ಭಾಗವನ್ನು ತಾನೇ ಸುಟ್ಟ ಅದೇ ಗೊಗೊಲ್!

ಹಸ್ತಪ್ರತಿ ಎಷ್ಟು ವರ್ಷ ಕಾಯಿತು? ಇಪ್ಪತ್ತಾರು! 1966ರ ನವೆಂಬರ್‌ನಲ್ಲಿ 'ಮಾಸ್ಕ್ವಾ' ಪತ್ರಿಕೆ ಅಚ್ಚು ಮಾಡತೊಡಗಿತು. ಕತ್ತರಿ ಆಡಿಸಿಯೇ. ನೂರಕ್ಕೆ ಸುಮಾರು ಹನ್ನೆರಡು ಪಾಲು ಮಾಯ! ವಿದೇಶಿ ದುಡ್ಡು ಅಡಗಿಸಿಟ್ಟವರನ್ನು ವೇದಿಕೆ ಹತ್ತಿಸಿ ಅದನ್ನು ಕಕ್ಕಿಸುವ ಒಂದು ಕನಸಿದೆ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುವ ಭಾಗ. ಬಹುಪಾಲು ಹಾರಿಹೋಗಿತ್ತು.

ಓದುಗರು ಸುಮ್ಮನಿದ್ದರೇ? ಕತ್ತರಿಸಿದ ಭಾಗಗಳನ್ನು ಗುಟ್ಟಾಗಿ ಟೈಪ್ ಮಾಡಿದರು. ಕೈಯಿಂದ ಕೈಗೆ ದಾಟಿಸಿದರು. ಪತ್ರಿಕೆಯಲ್ಲಿ ಸರಿಯಾದ ಜಾಗ ಹುಡುಕಿ ಅಂಟಿಸಿದರು! ಸೆನ್ಸಾರ್ ಕತ್ತರಿಗೆ ಮನೆಮನೆಯ ಅಂಟು ಉತ್ತರ! ಸೋವಿಯತ್ ನೆಲದಲ್ಲಿ ಪೂರ್ತಿ ಪುಸ್ತಕ ಬಂದದ್ದು 1973ರಲ್ಲಿ.

ತಡೆಯಿರಿ, ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ ಇನ್ನೂ ಹೇಳಿಲ್ಲ.

ಬುಲ್ಗಾಕೊವ್ ಸುಟ್ಟದ್ದು ಕಾದಂಬರಿಯನ್ನಷ್ಟೇ ಅಲ್ಲ. 1926ರ ಮೇ 7ರಂದು ಗುಪ್ತ ಪೊಲೀಸರು ಮನೆ ಜಾಲಾಡಿ ಅವರ ಡೈರಿ ಹೊತ್ತೊಯ್ದಿದ್ದರು. ಕಾಡಿ ಬೇಡಿ ವರ್ಷಗಳ ಮೇಲೆ ವಾಪಸ್ ಪಡೆದರು. ಪಡೆದವರೇ ಬೆಂಕಿಗೆ ಹಾಕಿದರು! ಇದನ್ನು ಮತ್ತೆ ಬರೆಯುವ ಪ್ರಶ್ನೆಯೇ ಇಲ್ಲ. ಆರು ದಶಕ ಎಲ್ಲರೂ ಅದು ಬೂದಿಯಾಯಿತೆಂದೇ ನಂಬಿದ್ದರು.

ಆದರೆ ಇವತ್ತು ಆ ಡೈರಿ ಅಚ್ಚಾಗಿದೆ! ಉಳಿಸಿದವರು ಯಾರು? ಹೆಂಡತಿಯೇ? ಸ್ನೇಹಿತರೇ? ನೆರೆಮನೆಯವರೇ? ಊಹಿಸಿ!

ಪೊಲೀಸರೇ! ಹಿಂದಿರುಗಿಸುವ ಮೊದಲು ನಕಲು ತೆಗೆದು ತಮ್ಮ ಕಡತಕ್ಕೆ ಸೇರಿಸಿಕೊಂಡಿದ್ದರು. ಗೋರ್ಬಚೇವ್ ಕಾಲದಲ್ಲಿ ಕೆಜಿಬಿಯ ಕಪಾಟು ತೆರೆದಾಗ ಅದು ಹೊರಬಂತು. ಆ ಡೈರಿಗೆ ಬುಲ್ಗಾಕೊವ್ ಇಟ್ಟಿದ್ದ ಹೆಸರು 'ಹಿಮ್ಮಡಿಯ ಕೆಳಗೆ'. ಜೋಪಾನ ಮಾಡಿದ್ದು ಆ ಹಿಮ್ಮಡಿಯೇ!